ಪಾದಚಾರಿ ಸುರಕ್ಷತೆಯ ಅಂಕ: ಗಣಕಯಂತ್ರದ ವರದಿ ಸಿದ್ಧವಾಗುವುದು ಹೇಗೆ? ಅದನ್ನು ಓದುವುದು ಹೇಗೆ?

ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾವೇರಿ ಜಿಲ್ಲೆಯ ಶಿಗ್ಗಾವಿ ಪಟ್ಟಣದ ಮಗ್ಗುಲಲ್ಲೇ ಹಾದುಹೋಗುತ್ತದೆ. ಅದೇ ಜಿಲ್ಲೆಯ ಹಾನಗಲ್ಲ, ಸವಣೂರು ಮತ್ತು ಹಿರೇಕೆರೂರು ಪಟ್ಟಣಗಳು ಈ ಹೆದ್ದಾರಿಯಿಂದ ಒಳಗಿದ್ದು, ಸುತ್ತಲಿನ ಊರುಗಳೊಡನೆ ಸಣ್ಣ ರಸ್ತೆಗಳ ಮೂಲಕ ಬೆಸೆದುಕೊಂಡಿವೆ. ಶಾಲೆಗೆ ಹೋಗುವ ಮಕ್ಕಳು, ಹೊಲಕ್ಕೆ ಹೊರಟ ಕೂಲಿಕಾರರು, ಸಂತೆ ಮುಗಿಸಿ ಬಸ್ಸಿಗೆ ಕಾಯುವವರು, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರುಗಳು ಎಲ್ಲವೂ ಒಂದೇ ಡಾಂಬರು ಪಟ್ಟಿಯನ್ನು ಹಂಚಿಕೊಳ್ಳುವ ರಸ್ತೆಗಳಿವು. ಪ್ರತ್ಯೇಕ ಕಾಲುದಾರಿ ಇಲ್ಲದ ಕಡೆ ರಸ್ತೆಯ ಅಂಚೇ ಕಾಲುದಾರಿ.

ಈ ರಸ್ತೆಗಳಲ್ಲಿ ಓಡಾಡುವ ಹೊಸ ಮಾದರಿಯ ಕಾರುಗಳ ಮುಂಭಾಗ ಕಾರ್ಖಾನೆಯಿಂದ ಹೊರಬೀಳುವ ಮುನ್ನವೇ ನೂರಾರು ಬಾರಿ ಕಾಲ್ಪನಿಕ ಪಾದಚಾರಿಯೊಬ್ಬನಿಗೆ ಡಿಕ್ಕಿ ಹೊಡೆದಿರುತ್ತದೆ. ಈ ಡಿಕ್ಕಿ ನಡೆಯುವುದು ಗಣಕಯಂತ್ರದೊಳಗೆ. ಅದರ ಫಲಿತಾಂಶವನ್ನು ಅಂಕಗಳನ್ನಾಗಿ ಪರಿವರ್ತಿಸಿ, ಬಣ್ಣದ ಚೌಕಗಳಲ್ಲಿ ತುಂಬಿ, ಅಚ್ಚುಕಟ್ಟಾದ ವರದಿಯನ್ನು ಹೊರತರುವುದು ‘ಟೆಂಪ್ಲೇಟ್’ ಎಂದು ಕರೆಯಲಾಗುವ ಸಿದ್ಧ ತಂತ್ರಾಂಶ ನಮೂನೆ. ಭಾರತದಲ್ಲಿ ಪಾದಚಾರಿ ರಕ್ಷಣೆ ಇದುವರೆಗೆ ಉತ್ತೀರ್ಣ-ಅನುತ್ತೀರ್ಣದ ಪ್ರಶ್ನೆಯಾಗಿತ್ತು. ಅದಕ್ಕೂ ಅಂಕ ನೀಡುವ ಪ್ರಸ್ತಾಪ ಬಂದಿರುವುದರಿಂದ, ಆ ಅಂಕ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಅರಿಯುವುದು ಅಗತ್ಯವಾಗಿದೆ.

ಸಮಸ್ಯೆಯ ಗಾತ್ರ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ರಸ್ತೆಯಲ್ಲಿ ಸತ್ತ ಪ್ರತಿ ಐವರಲ್ಲಿ ಸುಮಾರು ಒಬ್ಬರು ನಡೆದು ಹೋಗುತ್ತಿದ್ದವರು. ಸೀಟ್ ಬೆಲ್ಟ್, ಗಾಳಿಚೀಲ ಮೊದಲಾದ ಸಾಧನಗಳು ಇವರ ನೆರವಿಗೆ ಬರುವುದಿಲ್ಲ. ಡಿಕ್ಕಿಯಾದ ಕ್ಷಣದಲ್ಲಿ ಅವರಿಗೂ ಉಕ್ಕಿಗೂ ನಡುವೆ ಇರುವುದು ಬಂಪರಿನ ಹಿಂದಿನ ಮೆತ್ತೆ ಹಾಗೂ ಬಾನೆಟ್ಟಿನ ಕೆಳಗಿನ ಕೆಲವು ಸೆಂಟಿಮೀಟರ್ ಖಾಲಿ ಜಾಗ ಮಾತ್ರ. ಪಾದಚಾರಿ ಸುರಕ್ಷತಾ ಪರೀಕ್ಷೆ ಅಳೆಯುವುದು ಈ ಕೆಲವು ಸೆಂಟಿಮೀಟರುಗಳನ್ನೇ.

ಪರೀಕ್ಷೆ ನಡೆದುಬಂದ ದಾರಿ

ಯುರೋಪಿನ ಹೊಸ ಕಾರು ಮೌಲ್ಯಮಾಪನ ಕಾರ್ಯಕ್ರಮವಾದ ಯೂರೋ ಎನ್‌ಕ್ಯಾಪ್ 1997ರಲ್ಲಿ ತನ್ನ ಮೊದಲ ಫಲಿತಾಂಶಗಳೊಂದಿಗೇ ಪಾದಚಾರಿ ರಕ್ಷಣೆಯನ್ನೂ ಅಳೆಯಲಾರಂಭಿಸಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿ 2008ರ ನವೆಂಬರ್‌ನಲ್ಲಿ ಜಾಗತಿಕ ತಾಂತ್ರಿಕ ನಿಯಮ 9 ರೂಪುಗೊಂಡಿತು. ಭಾರತದಲ್ಲಿ ಇದೇ ಜಾಡಿನಲ್ಲಿ ವಾಹನೋದ್ಯಮ ಮಾನಕ ಎಐಎಸ್-100 ಸಿದ್ಧವಾಯಿತು. ಪುಣೆಯಲ್ಲಿರುವ ಭಾರತೀಯ ವಾಹನ ಸಂಶೋಧನಾ ಸಂಘವು ಇಂತಹ ಮಾನಕಗಳನ್ನು ಪ್ರಕಟಿಸುತ್ತದೆ. ಎಐಎಸ್-100 ಹೊಸ ಮಾದರಿಗಳಿಗೆ 2018ರ ಅಕ್ಟೋಬರ್‌ನಿಂದ ಹಾಗೂ ಈಗಾಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2020ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು.

2023ರ ಆಗಸ್ಟ್ 22ರಂದು ಉದ್ಘಾಟನೆಗೊಂಡು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಕಾರಿನೊಳಗೆ ಕುಳಿತ ವಯಸ್ಕರು ಹಾಗೂ ಮಕ್ಕಳ ರಕ್ಷಣೆಗೆ ನಕ್ಷತ್ರಗಳನ್ನು ನೀಡುತ್ತದೆ. ಮೂರು ಹಾಗೂ ಅದಕ್ಕಿಂತ ಹೆಚ್ಚು ನಕ್ಷತ್ರ ಬೇಕಾದ ಕಾರು ಪಾದಚಾರಿ ಮಾನಕವನ್ನು ಪಾಲಿಸಿರಬೇಕು ಎಂಬ ಷರತ್ತು ಅದರಲ್ಲಿದೆ. ಆದರೆ ಪಾದಚಾರಿ ರಕ್ಷಣೆಗೆ ಪ್ರತ್ಯೇಕ ಅಂಕವಿಲ್ಲ. 2025ರ ನವೆಂಬರ್‌ನಲ್ಲಿ ಹೊರಬಂದ ಪರಿಷ್ಕೃತ ಕರಡು ಈ ಕೊರತೆಯನ್ನು ತುಂಬಲು ಹೊರಟಿದೆ. ಪಾದಚಾರಿಗಳೂ ಸೇರಿದಂತೆ ಅಪಾಯಕ್ಕೆ ಸುಲಭವಾಗಿ ತುತ್ತಾಗುವ ರಸ್ತೆ ಬಳಕೆದಾರರ ರಕ್ಷಣೆಗೆ ಒಟ್ಟು ಮೌಲ್ಯಮಾಪನದಲ್ಲಿ ಪ್ರತ್ಯೇಕ ಪಾಲು ಮೀಸಲಿಡುವ ಪ್ರಸ್ತಾಪ ಅದರಲ್ಲಿದೆ.

ಅಳೆಯುವುದು ಏನನ್ನು?

ಪೂರ್ಣ ಮಾನವಾಕೃತಿಯ ಬೊಂಬೆಯನ್ನು ಕಾರಿಗೆ ಡಿಕ್ಕಿ ಹೊಡೆಸಿದರೆ ಪ್ರತಿ ಬಾರಿಯೂ ಅದು ಬೇರೆ ಬೇರೆ ರೀತಿಯಲ್ಲಿ ಬೀಳುತ್ತದೆ. ಹೀಗಾಗಿ ದೇಹದ ಭಾಗಗಳನ್ನು ಬೇರ್ಪಡಿಸಿ ಪರೀಕ್ಷಿಸುವ ಕ್ರಮ ಬಳಕೆಗೆ ಬಂದಿತು. ಕಾಲಿನ ಆಕೃತಿಯನ್ನು ಬಂಪರಿಗೂ ತಲೆಯ ಆಕೃತಿಯನ್ನು ಬಾನೆಟ್ಟಿಗೂ ಚಿಮ್ಮಿಸಲಾಗುತ್ತದೆ. ಮಕ್ಕಳ ತಲೆಯ ಆಕೃತಿಯ ತೂಕ 3.5 ಕೆ.ಜಿ.; ವಯಸ್ಕರದ್ದು 4.5 ಕೆ.ಜಿ. ಮೊದಲನೆಯದನ್ನು ನೆಲಕ್ಕೆ 50 ಡಿಗ್ರಿ, ಎರಡನೆಯದನ್ನು 65 ಡಿಗ್ರಿ ಕೋನದಲ್ಲಿ ಬಾನೆಟ್ಟಿನತ್ತ ಎಸೆಯಲಾಗುತ್ತದೆ. ಜಾಗತಿಕ ನಿಯಮದಲ್ಲಿ ತಲೆಯ ವೇಗ ಗಂಟೆಗೆ 35 ಕಿ.ಮೀ.; ಯೂರೋ ಎನ್‌ಕ್ಯಾಪ್‌ನಲ್ಲಿ 40 ಕಿ.ಮೀ.

ತಲೆ ಎಲ್ಲಿ ಬಡಿಯಬಹುದು ಎಂಬುದನ್ನು ನಿರ್ಧರಿಸುವ ವಿಧಾನ ಸರಳ. ನೆಲದಿಂದ ಆರಂಭಿಸಿ ಬಂಪರ್ ಮತ್ತು ಬಾನೆಟ್ ಮೇಲೆ ಅಳತೆ ಪಟ್ಟಿಯನ್ನು ಸುತ್ತಿದಾಗ ದೊರೆಯುವ ಉದ್ದವೇ ಇಲ್ಲಿನ ಮಾನದಂಡ. ಜಾಗತಿಕ ನಿಯಮದಂತೆ 1000ದಿಂದ 1700 ಮಿ.ಮೀ. ವರೆಗಿನದು ಮಕ್ಕಳ ತಲೆಯ ವಲಯ, 1700ರಿಂದ 2100 ಮಿ.ಮೀ. ವರೆಗಿನದು ವಯಸ್ಕರ ವಲಯ.

ತಲೆಗಾಗುವ ಅಪಾಯವನ್ನು ‘ತಲೆ ಗಾಯ ಮಾನದಂಡ’ ಅಥವಾ ಎಚ್‌ಐಸಿ ಎಂಬ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿರುವ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದ ತಲೆಪೆಟ್ಟಿನ ಸಂಶೋಧನೆ ಇದರ ಮೂಲ. ತಲೆ ಎಷ್ಟು ತೀವ್ರವಾಗಿ, ಎಷ್ಟು ಹೊತ್ತು ತಡೆಯಲ್ಪಟ್ಟಿತು ಎಂಬೆರಡನ್ನೂ ಇದು ಒಂದೇ ಸಂಖ್ಯೆಯಲ್ಲಿ ಹಿಡಿದಿಡುತ್ತದೆ. ಗರಿಷ್ಠ 15 ಮಿಲಿಸೆಕೆಂಡಿನ ಅವಧಿಯಲ್ಲಿ ಲೆಕ್ಕ ಹಾಕಲಾಗುವ ಈ ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಜಾಗತಿಕ ನಿಯಮದಂತೆ ಒಟ್ಟು ತಲೆ ಪರೀಕ್ಷಾ ವಲಯದ ಮೂರನೇ ಎರಡರಷ್ಟು ಭಾಗದಲ್ಲಿ ಎಚ್‌ಐಸಿ 1000ವನ್ನು ಮೀರಬಾರದು; ಉಳಿದ ಭಾಗದಲ್ಲಿ 1700ನ್ನು ಮೀರಬಾರದು.

ಎರಡು ಸೆಂಟಿಮೀಟರಿನ ಬೆಲೆ

ಈ ಸಂಖ್ಯೆಗಳ ಅರ್ಥವನ್ನು ಸಣ್ಣ ಲೆಕ್ಕವೊಂದರಿಂದ ತಿಳಿಯಬಹುದು. ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಂದ ತಲೆಯನ್ನು ಬಾನೆಟ್ ಏಕರೂಪದ ತಡೆಯೊಂದಿಗೆ 60 ಮಿ.ಮೀ. ಅಂತರದಲ್ಲಿ ನಿಲ್ಲಿಸುತ್ತದೆ ಎಂದು ಭಾವಿಸೋಣ. ಆಗ ತಲೆ ಅನುಭವಿಸುವ ತಡೆ ಗುರುತ್ವದ ಸುಮಾರು 80 ಪಟ್ಟು. ಎಚ್‌ಐಸಿ ಸುಮಾರು 710. ಬಾನೆಟ್ಟಿನ ಕೆಳಗೆ ಎಂಜಿನ್ನಿನ ಗಟ್ಟಿ ಭಾಗವೋ ಬ್ಯಾಟರಿಯ ತುದಿಯೋ ಅಡ್ಡ ಬಂದು ಅಂತರ 40 ಮಿ.ಮೀ.ಗೆ ಇಳಿದರೆ ತಡೆ ಗುರುತ್ವದ 120 ಪಟ್ಟಿಗೆ ಏರುತ್ತದೆ. ಎಚ್‌ಐಸಿ 1300ನ್ನು ದಾಟುತ್ತದೆ. ವ್ಯತ್ಯಾಸ ಎರಡೇ ಸೆಂಟಿಮೀಟರ್. ನಿಜವಾದ ಬಾನೆಟ್ ಇಷ್ಟು ಏಕರೂಪವಾಗಿ ವರ್ತಿಸುವುದಿಲ್ಲವಾದರೂ, ವಿನ್ಯಾಸಕಾರರು ಒಂದೊಂದು ಮಿಲಿಮೀಟರಿಗೂ ಹೆಣಗುವುದೇಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಣಕಯಂತ್ರವೇ ಏಕೆ?

ಯೂರೋ ಎನ್‌ಕ್ಯಾಪ್ 2013ರಿಂದ ಜಾರಿಗೆ ತಂದ ಕ್ರಮದಲ್ಲಿ ಕಾರಿನ ಮುಂಭಾಗವನ್ನು 100 ಮಿ.ಮೀ. ಅಂತರದ ಜಾಲವಾಗಿ ವಿಂಗಡಿಸಲಾಗುತ್ತದೆ. ಬಿಂದುಗಳ ಸಂಖ್ಯೆ ಸಾಮಾನ್ಯವಾಗಿ ನೂರನ್ನು ಮೀರುತ್ತದೆ. ಪ್ರತಿ ಬಿಂದುವಿಗೂ ನಿಜವಾದ ತಲೆಯಾಕೃತಿಯನ್ನು ಎಸೆಯಬೇಕೆಂದರೆ ಪ್ರತಿ ಬಾರಿಯೂ ಹೊಸ ಬಾನೆಟ್ ಬೇಕಾಗುತ್ತದೆ. ವಿನ್ಯಾಸ ಬದಲಾದಾಗಲೆಲ್ಲ ಇದನ್ನು ಪುನರಾವರ್ತಿಸುವುದು ಅಸಾಧ್ಯ. ಆದ್ದರಿಂದ ಕಾರಿನ ಮುಂಭಾಗವನ್ನು ಲಕ್ಷಾಂತರ ಸಣ್ಣ ಸಣ್ಣ ತುಣುಕುಗಳಾಗಿ ಗಣಕಯಂತ್ರದಲ್ಲಿ ಕಟ್ಟಿ, ಪ್ರತಿ ತುಣುಕಿನ ಚಲನೆ ಮತ್ತು ವಿರೂಪವನ್ನು ಮಿಲಿಸೆಕೆಂಡಿನ ಅತಿಸಣ್ಣ ಭಾಗಗಳಲ್ಲಿ ಲೆಕ್ಕ ಹಾಕಲಾಗುತ್ತದೆ.

ಇದಕ್ಕೆ ಬಳಕೆಯಾಗುವ ಪ್ರಸಿದ್ಧ ತಂತ್ರಾಂಶ ಎಲ್‌ಎಸ್-ಡೈನಾ. ಇದರ ಮೂಲ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 1976ರಲ್ಲಿ ಜಾನ್ ಹಾಲ್‌ಕ್ವಿಸ್ಟ್ ರೂಪಿಸಿದ ತಂತ್ರಾಂಶ. ಇನ್ನೊಂದು ತಂತ್ರಾಂಶವಾದ ರೇಡಿಯಾಸ್ 2022ರಲ್ಲಿ ‘ಓಪನ್‌ರೇಡಿಯಾಸ್’ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಗಿಯೂ ಲಭ್ಯವಾಯಿತು. ಇದರಿಂದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಪರವಾನಗಿ ಶುಲ್ಕವಿಲ್ಲದೆ ಇಂತಹ ಅಧ್ಯಯನ ಸಾಧ್ಯವಾಗಿದೆ. ಕರ್ನಾಟಕಕ್ಕೂ ಈ ಕಸುಬಿಗೂ ನಂಟಿದೆ. ಮರ್ಸಿಡಿಸ್-ಬೆಂಜ್ 1996ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವನ್ನು ಆರಂಭಿಸಿದ ಬೆಂಗಳೂರು ಇಂದು ವಾಹನಗಳ ಗಣಕೀಯ ವಿಶ್ಲೇಷಣೆಯ ಪ್ರಮುಖ ನೆಲೆಗಳಲ್ಲೊಂದು.

ಟೆಂಪ್ಲೇಟ್ ಮಾಡುವ ಕೆಲಸ

ಪ್ರತಿ ಬಿಂದುವಿನ ಲೆಕ್ಕ ಮುಗಿದಾಗ ಉಳಿಯುವುದು ಸಂಖ್ಯೆಗಳ ರಾಶಿ. ನೂರಾರು ಕಡತಗಳನ್ನು ಒಬ್ಬೊಬ್ಬ ಎಂಜಿನಿಯರ್ ಕೈಯಾರೆ ತೆರೆದು, ಎಚ್‌ಐಸಿ ಲೆಕ್ಕ ಹಾಕಿ, ಕೋಷ್ಟಕ ತುಂಬುವುದು ದಿನಗಟ್ಟಲೆಯ ಕೆಲಸ. ತಪ್ಪಿಗೂ ಆಸ್ಪದ ಹೆಚ್ಚು. ಟೆಂಪ್ಲೇಟ್ ಈ ಹೊರೆಯನ್ನು ಇಳಿಸುತ್ತದೆ. ಅದು ಪ್ರತಿ ಕಡತದಿಂದ ತಲೆಯ ವೇಗೋತ್ಕರ್ಷದ ದಾಖಲೆಯನ್ನು ಓದುತ್ತದೆ, ನಿಗದಿತ ಶೋಧಕದಿಂದ ಅನಗತ್ಯ ಕಂಪನವನ್ನು ಸೋಸುತ್ತದೆ, ಎಚ್‌ಐಸಿ ಲೆಕ್ಕ ಹಾಕುತ್ತದೆ, ಬಾನೆಟ್ಟಿನ ಚಿತ್ರದ ಮೇಲೆ ಆಯಾ ಬಿಂದುವಿಗೆ ಬಣ್ಣ ಬಳಿಯುತ್ತದೆ ಮತ್ತು ಕೊನೆಯಲ್ಲಿ ಒಟ್ಟು ಅಂಕ ನೀಡುತ್ತದೆ. ವಿನ್ಯಾಸ ಬದಲಾದಾಗ ಅದೇ ನಮೂನೆಯನ್ನು ಮತ್ತೆ ಚಾಲೂ ಮಾಡಿದರೆ ಸಾಕು. ಹಳೆಯ ಮತ್ತು ಹೊಸ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು.

ಯೂರೋ ಎನ್‌ಕ್ಯಾಪ್ ಕ್ರಮದಲ್ಲಿ ಬಣ್ಣಗಳ ಲೆಕ್ಕ ಹೀಗಿದೆ:

ಹಸಿರು: ಎಚ್‌ಐಸಿ 650ಕ್ಕಿಂತ ಕಡಿಮೆ, 1 ಅಂಕ.
ಹಳದಿ: 650ರಿಂದ 1000, 0.75 ಅಂಕ.
ಕಿತ್ತಳೆ: 1000ದಿಂದ 1350, 0.50 ಅಂಕ.
ಕಂದು: 1350ರಿಂದ 1700, 0.25 ಅಂಕ.
ಕೆಂಪು: 1700 ಹಾಗೂ ಅದಕ್ಕಿಂತ ಹೆಚ್ಚು, ಸೊನ್ನೆ.

ಒಂದು ಕಾಲ್ಪನಿಕ ಕಾರಿನ ಉದಾಹರಣೆ ನೋಡೋಣ. ಒಟ್ಟು 180 ಬಿಂದುಗಳಲ್ಲಿ 60 ಹಸಿರು, 40 ಹಳದಿ, 30 ಕಿತ್ತಳೆ, 20 ಕಂದು, 30 ಕೆಂಪು ಎಂದು ಗಣಕಯಂತ್ರ ಹೇಳಿತು ಎನ್ನೋಣ. ಮೊತ್ತ 110. 2023ರಿಂದ ಜಾರಿಗೆ ಬಂದ ನಿಯಮಾವಳಿಯಲ್ಲಿ ತಲೆಯ ರಕ್ಷಣೆಗೆ ಗರಿಷ್ಠ 18 ಅಂಕ. ಆ ಪ್ರಕಾರ ಈ ಕಾರಿಗೆ 11 ಅಂಕ ಸಲ್ಲಬೇಕು. ಆದರೆ ಕಂಪನಿ ಹೇಳಿದ ಅಂಕವನ್ನೇ ಯಾರೂ ಒಪ್ಪಿಕೊಳ್ಳುವುದಿಲ್ಲ.

ಸತ್ಯಪರೀಕ್ಷೆಯ ಹಂತ

ಕಂಪನಿ ತನ್ನ ಬಣ್ಣದ ನಕ್ಷೆಯನ್ನು ಮೊದಲೇ ಸಲ್ಲಿಸಬೇಕು. ಅನಂತರ ಪರೀಕ್ಷಕರು ತಾವೇ ಕೆಲವು ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸಿ ಪ್ರಯೋಗಾಲಯದಲ್ಲಿ ನಿಜವಾದ ತಲೆಯಾಕೃತಿಯನ್ನು ಎಸೆಯುತ್ತಾರೆ. ಎಚ್‌ಐಸಿಯಲ್ಲಿ ಶೇ 10ರಷ್ಟು ವ್ಯತ್ಯಾಸಕ್ಕೆ ರಿಯಾಯಿತಿ ಉಂಟು. ಆರಿಸಿದ ಬಿಂದುಗಳಿಗೆ ಕಂಪನಿ ಹೇಳಿದ್ದ ಮೊತ್ತ 6.50 ಆಗಿದ್ದು, ಪರೀಕ್ಷೆಯಲ್ಲಿ ದೊರೆತದ್ದು 5.85 ಎಂದಾದರೆ ಅನುಪಾತ 0.90. ಇಡೀ ನಕ್ಷೆಯ ಮೊತ್ತವನ್ನು ಈ ತಿದ್ದುಪಡಿ ಅಂಶದಿಂದ ಗುಣಿಸಲಾಗುತ್ತದೆ. ಮೇಲಿನ ಉದಾಹರಣೆಯ 110 ಈಗ 99ಕ್ಕೆ ಇಳಿದು, 11 ಅಂಕ 9.9 ಆಗುತ್ತದೆ. ಅನುಪಾತ ತೀರ ಅಸಹಜವಾಗಿದ್ದರೆ ಕಂಪನಿಯ ದತ್ತಾಂಶವೇ ಪ್ರಶ್ನಾರ್ಹವಾಗುತ್ತದೆ.

ಈ ವ್ಯವಸ್ಥೆಯ ಹಿರಿಮೆ ಇರುವುದು ಇಲ್ಲೇ. ಗಣಕಯಂತ್ರದ ಮಾತಿಗೆ ಬೆಲೆ ಬರುವುದು ಅದು ಪರೀಕ್ಷೆಗೆ ಮುನ್ನವೇ ಬಹಿರಂಗವಾಗಿರುವುದರಿಂದ ಮತ್ತು ಅದನ್ನು ಬೇರೊಬ್ಬರು ನಿಜವಾದ ಲೋಹದ ಮೇಲೆ ತಾಳೆ ನೋಡುವುದರಿಂದ.

ನಮೂನೆ ಎಡವುವುದು ಎಲ್ಲಿ?

ಟೆಂಪ್ಲೇಟ್ ಹೊರತರುವ ವರದಿ ಅಂದವಾಗಿರುತ್ತದೆ. ಆದರೆ ಅಂದಕ್ಕೂ ನಿಖರತೆಗೂ ನೇರ ಸಂಬಂಧವಿಲ್ಲ. ಅನುಭವಿ ಎಂಜಿನಿಯರುಗಳು ಮುಖ್ಯವಾಗಿ ಗಮನಿಸುವ ಅಂಶಗಳು ಇವು.

ಮೊದಲನೆಯದು ಖಾಲಿ ಬಿಂದು. ನೂರಾರು ಲೆಕ್ಕಗಳಲ್ಲಿ ಕೆಲವು ಅರ್ಧಕ್ಕೇ ನಿಂತುಹೋಗಬಹುದು. ಆ ಬಿಂದುವನ್ನು ನಮೂನೆ ಸುಮ್ಮನೆ ಕೈಬಿಟ್ಟರೆ ಸರಾಸರಿ ತಾನಾಗಿಯೇ ಏರಿಬಿಡಬಹುದು. ಲೆಕ್ಕ ಮುಗಿಯದ ಬಿಂದುವನ್ನು ಅಂಕಕ್ಕೆ ಸೇರಿಸದೆ, ‘ಫಲಿತಾಂಶವಿಲ್ಲ’ ಎಂದು ಎದ್ದು ಕಾಣುವಂತೆ ತೋರಿಸುವುದೇ ಸರಿಯಾದ ಕ್ರಮ.

ಎರಡನೆಯದು ಅಳತೆಯ ಮಾನ. ಒಂದು ಕಂಪನಿಯ ಲೆಕ್ಕ ಮಿಲಿಮೀಟರ್-ಟನ್-ಸೆಕೆಂಡುಗಳಲ್ಲಿ, ಇನ್ನೊಂದರದು ಮಿಲಿಮೀಟರ್-ಕಿಲೋಗ್ರಾಂ-ಮಿಲಿಸೆಕೆಂಡುಗಳಲ್ಲಿ ಇರಬಹುದು. ಒಂದಕ್ಕಾಗಿ ಬರೆದ ನಮೂನೆಯನ್ನು ಇನ್ನೊಂದಕ್ಕೆ ಬಳಸಿದರೆ ಎಚ್‌ಐಸಿಗೆ ಅರ್ಥವೇ ಉಳಿಯುವುದಿಲ್ಲ.

ಮೂರನೆಯದು ದಾಖಲೆಯ ಅಂತರ. ವೇಗೋತ್ಕರ್ಷವನ್ನು ತೀರ ವಿರಳವಾಗಿ ದಾಖಲಿಸಿದರೆ ಅತ್ಯಂತ ತೀವ್ರವಾದ ಕ್ಷಣವೇ ತಪ್ಪಿಹೋಗಬಹುದು. ಆಗ ಕೆಂಪು ಬಿಂದು ಕಂದಾಗಿಯೋ ಕಿತ್ತಳೆಯಾಗಿಯೋ ಕಾಣಬಹುದು.

ನಾಲ್ಕನೆಯದು ಶಕ್ತಿಯ ಜಮಾ-ಖರ್ಚು. ಡಿಕ್ಕಿಗೆ ಮುನ್ನ ತಲೆಯಲ್ಲಿದ್ದ ಶಕ್ತಿ ಎಲ್ಲಿ ಹೋಯಿತು ಎಂಬುದಕ್ಕೆ ಗಣಕಯಂತ್ರ ಲೆಕ್ಕ ಕೊಡಬೇಕು. ಲೆಕ್ಕದ ಜಾಲದ ಕೃತಕ ವಿರೂಪವನ್ನು ತಡೆಯುವುದಕ್ಕೇ ಶಕ್ತಿಯ ಗಣನೀಯ ಪಾಲು ವ್ಯಯವಾಗಿದ್ದರೆ ಬಾನೆಟ್ ನಿಜಕ್ಕಿಂತ ಭಿನ್ನವಾಗಿ ವರ್ತಿಸಿದೆ ಎಂದರ್ಥ. ಈ ಪಾಲನ್ನು ಅಂಕದ ಪಕ್ಕದಲ್ಲೇ ಮುದ್ರಿಸುವ ನಮೂನೆ ವಿಶ್ವಾಸಾರ್ಹ.

ಐದನೆಯದು ನಿಯಮಾವಳಿಯ ಆವೃತ್ತಿ. ಗಂಟೆಗೆ 35 ಕಿ.ಮೀ. ವೇಗದ ಫಲಿತಾಂಶವನ್ನು 40 ಕಿ.ಮೀ.ಗೆ ನಿಗದಿಯಾದ ಬಣ್ಣಗಳಲ್ಲಿ ತೋರಿಸಿದರೆ ಕಾರು ಅನರ್ಹವಾಗಿ ಸುರಕ್ಷಿತವೆನಿಸುತ್ತದೆ. ಈ ಎರಡು ವೇಗಗಳ ನಡುವೆ ಡಿಕ್ಕಿಯ ಶಕ್ತಿಯಲ್ಲಿರುವ ಅಂತರ ಸುಮಾರು ಶೇ 31. ಯಾವ ನಿಯಮ, ಯಾವ ವರ್ಷದ ಆವೃತ್ತಿ, ಯಾವ ವೇಗ ಎಂಬ ಮೂರೂ ವಿವರಗಳು ವರದಿಯ ಮೊದಲ ಪುಟದಲ್ಲೇ ಇರಬೇಕು.

ಅಂಕದ ಆಚೆ ಉಳಿಯುವುದು

ಲೆಕ್ಕವೆಲ್ಲ ಸರಿಯಾಗಿದ್ದರೂ ಅಂಕಕ್ಕೆ ತನ್ನದೇ ಆದ ಎಲ್ಲೆಯಿದೆ. ಹಾವೇರಿ ಜಿಲ್ಲೆಯ ರಸ್ತೆಗಳನ್ನು ನೆನೆದರೆ ಆ ಎಲ್ಲೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಗಂಟೆಗೆ 40 ಕಿ.ಮೀ. ವೇಗದ ಡಿಕ್ಕಿ ಸುಮಾರು 6.3 ಮೀಟರ್ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಂತೆ. ಅದೇ ಕಾರು 80 ಕಿ.ಮೀ. ವೇಗದಲ್ಲಿದ್ದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 25 ಮೀಟರಿಗೂ ಮೀರಿದ ಎತ್ತರದ ಪತನಕ್ಕೆ ಸಮನಾಗುತ್ತದೆ. ಶಿಗ್ಗಾವಿಯ ಬಳಿ ಹೆದ್ದಾರಿ ದಾಟುವವರಿಗೆ ಎದುರಾಗುವ ವಾಹನಗಳ ವೇಗ ಪರೀಕ್ಷೆಯ ವೇಗವಲ್ಲ. ಬಾನೆಟ್ಟಿನ ಹಸಿರು ಬಣ್ಣ ಆ ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪರೀಕ್ಷೆಯ ವ್ಯಾಪ್ತಿಗೆ ಬರುವುದು ಕಾರುಗಳು ಮತ್ತು ಕೆಲವು ಲಘು ವಾಹನಗಳು ಮಾತ್ರ. ಲಾರಿ, ಬಸ್ಸು, ಟ್ರ್ಯಾಕ್ಟರ್, ದ್ವಿಚಕ್ರ ವಾಹನಗಳಿಗೆ ಬಾನೆಟ್ ಪರೀಕ್ಷೆಯಿಲ್ಲ. ಚಾಲಕನ ಆಸನ ಮುಂದಿನ ಗಾಲಿಗಳ ಮೇಲೆಯೇ ಇರುವ ಚಪ್ಪಟೆ ಮೂತಿಯ ಸಣ್ಣ ಸರಕು ವಾಹನಗಳಿಗೆ ಜಾಗತಿಕ ನಿಯಮವೇ ವಿನಾಯಿತಿ ನೀಡಿದೆ. ಸವಣೂರಿನ ವೀಳ್ಯದೆಲೆಯಿರಲಿ, ಹಿರೇಕೆರೂರಿನ ಹತ್ತಿಯಿರಲಿ, ಮಾರುಕಟ್ಟೆ ಸೇರುವುದು ಬಹುಮಟ್ಟಿಗೆ ಇಂತಹ ಸರಕು ವಾಹನಗಳಲ್ಲೇ.

ಕಾರಿನ ಮುಂದೆ ಅನಂತರ ಜೋಡಿಸಲಾಗುವ ಉಕ್ಕಿನ ಗಾರ್ಡ್ ಮತ್ತೊಂದು ಸಮಸ್ಯೆ. ಗಣಕಯಂತ್ರದ ಮಾದರಿಯಲ್ಲಿ ಈ ಗಾರ್ಡ್ ಇರುವುದಿಲ್ಲ. ಅದನ್ನು ಬಿಗಿದ ದಿನವೇ ಬಂಪರಿನ ಮೆತ್ತೆಯ ಉದ್ದೇಶ ವ್ಯರ್ಥವಾಗುತ್ತದೆ. ಕಾಲಿಗೆ ಮೊದಲು ಬಡಿಯುವುದು ಉಕ್ಕಿನ ಕೊಳವೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯನ್ನು ಉಲ್ಲೇಖಿಸಿ ಇಂತಹ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಕಾರಿನ ಮಾಲೀಕರು ಸ್ವತಃ ಪಾಲಿಸಬಹುದಾದ, ಖರ್ಚಿಲ್ಲದ ಸುರಕ್ಷತಾ ಕ್ರಮವಿದು.

ಬಾನೆಟ್ಟಿಗೆ ಬಡಿದ ಬಳಿಕ ಪಾದಚಾರಿ ನೆಲಕ್ಕೆ ಅಪ್ಪಳಿಸುವುದನ್ನೂ ತಲೆಯಾಕೃತಿಯ ಪರೀಕ್ಷೆ ಅಳೆಯುವುದಿಲ್ಲ. ಕತ್ತಲಲ್ಲಿ ಅಂಚಿನಲ್ಲಿ ನಡೆಯುವವನು ಚಾಲಕನಿಗೆ ಕಾಣುವನೇ ಎಂಬುದು ಬೇರೆಯೇ ಪ್ರಶ್ನೆ.

ರಸ್ತೆಯ ಪಾಲು

ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳಿಗಾಗಿಯೇ ಐಆರ್‌ಸಿ 103 ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿದೆ. ಬಳಸಲು ಯೋಗ್ಯವಾದ ಕಾಲುದಾರಿ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಊರೊಳಗೆ ವಾಹನದ ವೇಗವನ್ನು 40 ಕಿ.ಮೀ.ಗೆ ಇಳಿಸುವ ರಸ್ತೆ ಉಬ್ಬು, ದಾಟುಪಟ್ಟಿ, ಬೀದಿದೀಪಗಳು ಇದ್ದಾಗ ಮಾತ್ರ ಪ್ರಯೋಗಾಲಯದ ಅಂಕಕ್ಕೂ ರಸ್ತೆಯ ಮೇಲಿನ ಬದುಕಿಗೂ ಹೊಂದಿಕೆಯಾಗುತ್ತದೆ. ಬಾನೆಟ್ ತನ್ನ ಕೆಲಸ ಮಾಡಬೇಕಾದರೆ ರಸ್ತೆ ತನ್ನ ಕೆಲಸವನ್ನು ಮೊದಲು ಮಾಡಿರಬೇಕು.

ಹೊಸ ಕಾರು ಕೊಳ್ಳುವವರು ನಕ್ಷತ್ರಗಳ ಸಂಖ್ಯೆಯೊಂದಿಗೆ ಕೇಳಬಹುದಾದ ಪ್ರಶ್ನೆಗಳು ಇಷ್ಟು: ಪಾದಚಾರಿ ರಕ್ಷಣೆಗೆ ಅಂಕವಿದೆಯೇ ಅಥವಾ ಕೇವಲ ಮಾನಕ ಪಾಲನೆಯೇ? ಯಾವ ವೇಗದಲ್ಲಿ ಅಳೆಯಲಾಗಿದೆ? ಗಣಕಯಂತ್ರದ ಅಂಕವನ್ನು ಸ್ವತಂತ್ರ ಪರೀಕ್ಷೆಯಲ್ಲಿ ತಾಳೆ ನೋಡಲಾಗಿದೆಯೇ? ಪರಿಷ್ಕೃತ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದಾಗ ಈ ಮೂರಕ್ಕೂ ಉತ್ತರ ಫಲಿತಾಂಶ ಪತ್ರದಲ್ಲೇ ಸಿಗುವಂತಾದರೆ, ಕಾರನ್ನು ಎಂದೂ ಕೊಳ್ಳದ, ಆದರೆ ಅದರ ಎದುರು ದಿನವೂ ರಸ್ತೆ ದಾಟುವ ಹಾನಗಲ್ಲ, ಸವಣೂರಿನ ಜನರಿಗೂ ಆ ಪತ್ರದಲ್ಲಿ ಪಾಲು ದೊರೆತಂತಾಗುತ್ತದೆ.